ಚಿತ್ರ, ಧ್ವನಿ ಮತ್ತು ಅಕ್ಷರ

ದೂರದರ್ಶನದ ಚಿತ್ರ ಕೆಟ್ಟಿತೆಂದರೆ ಅದರ ನೆತ್ತಿಯ ಮೇಲೆ ಎರಡು ತಟ್ಟುವುದು ಒಂದು ಕಾಲದ ಮನೆಮದ್ದಾಗಿತ್ತು. ಒಳಗಿನ ಸಡಿಲವಾದ ಬೆಸುಗೆಯೊಂದು ಆ ಪೆಟ್ಟಿನಿಂದ ಕೂಡಿಕೊಂಡು ಚಿತ್ರ ಮರಳುತ್ತಿದ್ದುದೂ ಉಂಟು. ಇಂದಿನ ತೆಳುಪರದೆಗೆ ಈ ಚಿಕಿತ್ಸೆ ಸಲ್ಲದು; ಬೇಕಾದುದು ಪೆಟ್ಟಲ್ಲ, ವಿಚಾರ.

ಕಾರ್ಯಕ್ರಮವು ಪ್ರಸಾರ ಕೇಂದ್ರದಿಂದ ಹೊರಟು, ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹವನ್ನು ಮುಟ್ಟಿ, ಅಲ್ಲಿಂದ ಮಾಳಿಗೆಯ ಡಿಶ್ ಆಂಟೆನಾಕ್ಕೆ ಇಳಿಯುತ್ತದೆ. ಬಳಿಕ ಕೇಬಲ್ಲಿನ ಮೂಲಕ ಸೆಟ್ ಟಾಪ್ ಬಾಕ್ಸನ್ನು ಸೇರಿ, ಕೊನೆಗೆ ಪರದೆಗೆ ಬರುತ್ತದೆ. ದೋಷವನ್ನು ಹುಡುಕುವುದೆಂದರೆ ಈ ದಾರಿಯಲ್ಲಿ ಹಿಂದುಹಿಂದಕ್ಕೆ ನಡೆಯುವುದು. ಸೆಟ್ ಟಾಪ್ ಬಾಕ್ಸಿನ ಮೆನು ಪರದೆಯ ಮೇಲೆ ಸ್ಪಷ್ಟವಾಗಿ ಮೂಡಿದರೆ ಟಿ.ವಿ.ಯೂ ನಡುವಣ ತಂತಿಯೂ ಸರಿಯಾಗಿವೆಯೆಂದೇ ಅರ್ಥ, ತಪ್ಪು ಅದರಾಚೆಗಿದೆ. ಮೆನುವೂ ಮೂಡದಿದ್ದರೆ, ಮನೆಯ ಮಕ್ಕಳು ರಿಮೋಟಿನ ‘ಸೋರ್ಸ್’ ಗುಂಡಿಯನ್ನು ಒತ್ತಿರುವ ಸಂಭವವೇ ಹೆಚ್ಚು. ಮೆಕ್ಯಾನಿಕ್‌ಗೆ ಹಣ ತೆತ್ತು ಈ ಗುಂಡಿಯನ್ನು ಒತ್ತಿಸಿಕೊಂಡ ಮನೆಗಳು ಕಡಮೆಯೇನಿಲ್ಲ.

ಹಳೆಯ ಪ್ರಸಾರದಲ್ಲಿ ಸಂಕೇತ ಕ್ಷೀಣಿಸಿದಂತೆಲ್ಲ ಪರದೆಯ ಮೇಲೆ ಬಿಳಿಚುಕ್ಕೆಗಳ ಮಳೆ ಸುರಿಯುತ್ತಿತ್ತು. ಆದರೂ ಚಿತ್ರ ಮಸುಕಾಗಿ ಕಾಣುತ್ತಿತ್ತು. ಈಗಿನ ಡಿಜಿಟಲ್ ಪ್ರಸಾರದ ರೀತಿಯೇ ಬೇರೆ. ಸಂಕೇತವು ಒಂದು ಮಿತಿಯವರೆಗೆ ಕುಗ್ಗಿದರೂ ಚಿತ್ರ ನಿರ್ಮಲವಾಗಿಯೇ ಇರುತ್ತದೆ. ಮಿತಿ ದಾಟಿದೊಡನೆ ಚೌಕಚೌಕವಾಗಿ ಒಡೆದು ಮಾಯವಾಗುತ್ತದೆ. ಜೋರುಮಳೆಯಲ್ಲಿ ಆಗುವುದು ಇದೇ. ಉಪಗ್ರಹದಿಂದ ಬರುವ ಈ ಅಲೆಗಳ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ದಪ್ಪ ಮಳೆಹನಿಗಳು ಅವುಗಳನ್ನು ಹೀರಿ ಚೆದುರಿಸಿಬಿಡುತ್ತವೆ. ಮಳೆ ತಗ್ಗಿದರೆ ಚಿತ್ರ ತಾನಾಗಿ ಬರುತ್ತದೆ. ಸಿಡಿಲುಮಳೆಯಲ್ಲಿ ಮಾಳಿಗೆ ಹತ್ತಿ ಡಿಶ್ ತಿರುಗಿಸಲು ಹೋಗುವುದು ಪ್ರಾಣಕ್ಕೇ ಸಂಚಕಾರ. ಆಗ ಮಾಡಬೇಕಾದುದು ಪ್ಲಗ್ಗನ್ನು ಕಿತ್ತಿಡುವುದೊಂದೇ, ಅದೂ ಗುಡುಗು ದೂರದಲ್ಲಿರುವಾಗಲೇ.

ವರ್ಷಕ್ಕೆರಡು ಬಾರಿ, ವಿಷುವಗಳ ಆಸುಪಾಸಿನಲ್ಲಿ, ನಿರಭ್ರ ಆಕಾಶವಿದ್ದರೂ ಕೆಲವು ದಿನ ಕೆಲವೇ ನಿಮಿಷ ಚಿತ್ರ ಕೆಡುವುದುಂಟು. ಆಗ ಸೂರ್ಯನು ನೇರವಾಗಿ ಉಪಗ್ರಹದ ಹಿಂಬದಿಗೆ ಬಂದು, ತನ್ನ ರೇಡಿಯೋ ಗದ್ದಲದಿಂದ ಅದರ ಸಣ್ಣ ದನಿಯನ್ನು ಮುಳುಗಿಸುತ್ತಾನೆ. ಇದಕ್ಕೆ ಔಷಧವಿಲ್ಲ. ಮಳೆಯೂ ಇಲ್ಲದೆ, ಸೂರ್ಯನ ಕಾಟವೂ ಇಲ್ಲದೆ ಚಿತ್ರ ಒಡೆಯುತ್ತಲೇ ಇದ್ದರೆ, ಡಿಶ್ಶನ್ನು ಗಾಳಿಯೋ ಮಂಗಗಳೋ ಅಲುಗಿಸಿರಬೇಕು, ಇಲ್ಲವೇ ಕೇಬಲ್ಲಿನ ಜೋಡಣೆಯೊಳಗೆ ನೀರು ಸೇರಿರಬೇಕು.

ಧ್ವನಿಯ ತೊಂದರೆಗಳು ಬಹುಮಟ್ಟಿಗೆ ಸರಳ. ಟಿ.ವಿ.ಗೊಂದು, ಬಾಕ್ಸಿಗೊಂದು ಎಂದು ಎರಡು ಧ್ವನಿಮಟ್ಟಗಳಿರುತ್ತವೆ. ಒಂದು ತಗ್ಗಿದ್ದರೂ ಮಾತು ಕೇಳಿಸದು. ತೆಳುಪರದೆಯ ಸ್ಪೀಕರುಗಳು ಅನೇಕವೇಳೆ ಕೆಳಮುಖವಾಗಿಯೋ ಹಿಮ್ಮುಖವಾಗಿಯೋ ಇರುವುದರಿಂದ ಹಿನ್ನೆಲೆ ಸಂಗೀತದಲ್ಲಿ ಮಾತು ಕರಗಿಹೋಗುತ್ತದೆ. ಧ್ವನಿಯ ಸೆಟ್ಟಿಂಗಿನಲ್ಲಿ ಮಾತಿಗೆ ಪ್ರಾಧಾನ್ಯವುಳ್ಳ ವಿಧಾನವನ್ನು ಆರಿಸಿದರೆ ಎಷ್ಟೋ ವಾಸಿ.

ಕಿವಿ ಮಂದವಾದ ಹಿರಿಯರಿಗೆ ಅಷ್ಟೂ ಸಾಲದು. ಅವರಿಗೆ ಪರದೆಯ ಕೆಳಗೆ ಓಡುವ ಅಕ್ಷರಗಳೇ ಧ್ವನಿ. ಅವು ನಿಂತುಹೋದ ದಿನ ಮನೆಯವರೆಲ್ಲ ನಗುವಾಗ ಅಜ್ಜಿಯೊಬ್ಬಳು ಅವರ ಮುಖಗಳನ್ನು ನೋಡುತ್ತ ಸುಮ್ಮನೆ ಕುಳಿತಿರಬೇಕಾಗುತ್ತದೆ. ಈ ಅಕ್ಷರಗಳಲ್ಲಿ ಎರಡು ಬಗೆ: ಚಿತ್ರದಲ್ಲೇ ಅಚ್ಚಾಗಿ ಬರುವಂಥವು, ಪ್ರತ್ಯೇಕ ಸಂಕೇತವಾಗಿ ಬಂದು ಬೇಕೆಂದಾಗ ಮಾತ್ರ ಕಾಣುವಂಥವು. ಎರಡನೆಯವನ್ನು ಬಿಡಿಸಿ ಓದುವುದು ಬಾಕ್ಸಿನ ಕೆಲಸ. ಆದುದರಿಂದ ಟಿ.ವಿ.ಯ ರಿಮೋಟಿನಲ್ಲಿ ಎಷ್ಟು ತಡಕಾಡಿದರೂ ಸಾಮಾನ್ಯವಾಗಿ ಫಲವಿಲ್ಲ. ಬಾಕ್ಸಿನ ರಿಮೋಟಿನ ‘ಸಬ್‌ಟೈಟಲ್’ ಗುಂಡಿಯನ್ನೋ ಮೆನುವನ್ನೋ ನೋಡಬೇಕು. ಅಲ್ಲಿ ಭಾಷೆಯನ್ನೂ ಆರಿಸಬೇಕಾದೀತು. ಕಾರ್ಯಕ್ರಮದೊಡನೆ ಅಕ್ಷರಗಳನ್ನು ಕಳುಹಿಸಿಯೇ ಇಲ್ಲದಿದ್ದರೆ ಯಾವ ಗುಂಡಿಯೂ ಅವನ್ನು ತರಲಾರದು. ಶ್ರವಣದೋಷವುಳ್ಳವರಿಗೂ ಕಾರ್ಯಕ್ರಮಗಳು ನಿಲುಕುವಂತಾಗಲು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವು 2019ರಲ್ಲಿ ಮಾನದಂಡಗಳನ್ನು ಹೊರಡಿಸಿದೆ. ಆದುದರಿಂದ ಅಂಥ ಸಂದರ್ಭದಲ್ಲಿ ಅಜ್ಜಿಯ ಪರವಾಗಿ ಮೊಮ್ಮಕ್ಕಳು ವಾಹಿನಿಯವರಿಗೆ ಒಂದು ಪತ್ರ ಬರೆಯಬಹುದು.