ಹೆದ್ದಾರಿ ಬದಿಯ ಬಾಣಂತಿಮನೆ

ಶಿವಮೊಗ್ಗದಿಂದ ತೀರ್ಥಹಳ್ಳಿಯ ಕಡೆಗೆ ಸುಮಾರು 30 ಕಿ.ಮೀ. ಬಂದರೆ ಮಂಡಗದ್ದೆ. ತುಂಗೆ ಇಲ್ಲಿ ರಸ್ತೆಗೆ ಒತ್ತಿಕೊಂಡೇ ಹರಿಯುತ್ತಾಳೆ. ಹೊಳೆಯ ನಡುವೆ ಒಂದು ಪುಟ್ಟ ನಡುಗಡ್ಡೆ. ಮಳೆಗಾಲದಲ್ಲಿ ಅದರ ಮರಗಳ ಮೇಲೆ ಯಾರೋ ಬಿಳಿ ಬಟ್ಟೆ ಒಣಹಾಕಿದಂತೆ ಕಾಣುತ್ತದೆ. ಸ್ವಲ್ಪ ಹೊತ್ತು ನೋಡುತ್ತ ನಿಂತರೆ ಆ ಬಟ್ಟೆಗಳು ಒಂದೊಂದಾಗಿ ಕತ್ತು ಎತ್ತುತ್ತವೆ.

ನಡುಗಡ್ಡೆಯ ವಿಸ್ತಾರ ಸುಮಾರು 1.14 ಎಕರೆ, ಮಲೆನಾಡಿನ ಸಣ್ಣ ಅಡಿಕೆ ತೋಟದಷ್ಟು. ಜುಲೈಯಿಂದ ಅಕ್ಟೋಬರ್ ತನಕ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳಿಗೆ ಇದೇ ಬಾಣಂತಿಮನೆ. ಪಕ್ಷಿಧಾಮ ಅಂದರೆ ದೋಣಿ ಹತ್ತಬೇಕು, ಮೈಲಿಗಟ್ಟಲೆ ನಡೆಯಬೇಕು ಅನ್ನುವವರಿಗೆ ಇದು ಅಚ್ಚರಿಯ ಜಾಗ. ಮಂಡಿನೋವಿನ ಅಜ್ಜಿಯೂ ಕಂಕುಳ ಕೂಸೂ ಒಂದೇ ಕಡೆ ನಿಂತು ಗೂಡೊಳಗಿನ ಸಂಸಾರ ನೋಡಬಹುದು. ಅರಣ್ಯ ಇಲಾಖೆಯ ವೀಕ್ಷಣಾ ಗೋಪುರವೂ ಇದೆ.

ಲಾರಿ ಬಸ್ಸುಗಳ ಗದ್ದಲದ ಪಕ್ಕದಲ್ಲೇ ಹಕ್ಕಿಗಳಿಗೆ ಈ ಧೈರ್ಯ ಬಂದದ್ದು ಎಲ್ಲಿಂದ? ಸುತ್ತಲಿನ ನೀರಿನಿಂದ. ತುಂಬಿ ಹರಿಯುವ ಹೊಳೆ ದಾಟಿ ಕಾಡುಬೆಕ್ಕು, ನರಿ ಗೂಡಿನ ತನಕ ಬರುವುದು ಕಷ್ಟ. ಮಳೆಗಾಲದಲ್ಲಿ ಹೊಳೆ ಗದ್ದೆಗಳಲ್ಲಿ ಮೀನು, ಕಪ್ಪೆಗಳಿಗೂ ಬರವಿಲ್ಲ.

ಮಕ್ಕಳಿಗೆ ಮೊದಲು ತೋರಿಸಬೇಕಾದದ್ದು ಹಾವಕ್ಕಿ. ಈಜುವಾಗ ಅದರ ಮೈಯೆಲ್ಲ ನೀರೊಳಗಿದ್ದು ತೆಳ್ಳನೆಯ ಕತ್ತು ಮಾತ್ರ ಮೇಲಿರುತ್ತದೆ. ಹಾವೇ ತೇಲಿ ಬಂತೆಂದು ಚಿಕ್ಕವರು ಕೂಗುವುದುಂಟು. ಬಾತುಕೋಳಿಯ ಗರಿ ನೀರನ್ನು ಜಾರಿಸಿಬಿಡುತ್ತದೆ, ಹಾವಕ್ಕಿಯದು ನೆನೆಯುತ್ತದೆ. ಹಾಗೆ ನೆನೆದು ಭಾರವಾಗುವುದರಿಂದಲೇ ಅದು ಸುಲಭವಾಗಿ ಮುಳುಗಿ, ಭರ್ಜಿಯಂಥ ಕೊಕ್ಕಿನಿಂದ ಮೀನನ್ನು ಚುಚ್ಚಬಲ್ಲದು. ಮೇಲೆ ಬಂದು ಮೀನನ್ನು ಗಾಳಿಗೆ ಚಿಮ್ಮಿ, ತಲೆಯ ಕಡೆಯಿಂದ ನುಂಗುತ್ತದೆ. ಆಮೇಲೆ ಕೊಂಬೆಯ ಮೇಲೆ ರೆಕ್ಕೆ ಅಗಲಿಸಿ ಒಣಗಿಸುತ್ತ ಕೂರುತ್ತದೆ. ಗೂಡಿನಲ್ಲಿ ಬಿಳಿ ತುಪ್ಪಳದ ಮರಿ ಕಂಡರೆ ಅದು ಹಾವಕ್ಕಿಯದಿರಬಹುದು. ನೀರುಕಾಗೆಯ ಮರಿ ಕಪ್ಪು. ಎರಡರಲ್ಲೂ ಊಟದ ರೀತಿ ಒಂದೇ: ಮರಿ ತನ್ನ ತಲೆಯನ್ನು ತಾಯಿಯ ಗಂಟಲೊಳಗೇ ತೂರಿಸಿ ಮೀನು ಕಕ್ಕಿಸಿಕೊಂಡು ತಿನ್ನುತ್ತದೆ. ದುರ್ಬೀನು ಇದ್ದರೆ ಇದೊಂದಕ್ಕೇ ಅರ್ಧ ಗಂಟೆ ಕೊಡಬಹುದು.

ಬೆಳ್ಳಕ್ಕಿಯ ಬೆನ್ನ ಮೇಲೆ ಗೂಡು ಕಟ್ಟುವ ದಿನಗಳಲ್ಲಿ ಜಾಲರಿಯಂಥ ನವಿರು ಗರಿ ಮೂಡುತ್ತದೆ. ಯುರೋಪಿನ ಹೆಂಗಸರ ಟೋಪಿಗೆ ಇಂಥ ಗರಿ ಬೇಕೆಂದು ನೂರಿಪ್ಪತ್ತು ವರ್ಷಗಳ ಹಿಂದೆ ಲೋಕದ ಎಲ್ಲೆಡೆ ಬೆಳ್ಳಕ್ಕಿಗಳನ್ನು ಗೂಡಿನಲ್ಲೇ ಕೊಲ್ಲುತ್ತಿದ್ದರು. ಇಂಗ್ಲೆಂಡಿನ ಮಹಿಳೆಯರೇ ಅದರ ವಿರುದ್ಧ 1889ರಲ್ಲಿ ಸಂಘ ಕಟ್ಟಿದರು. ಭಾರತದಿಂದ ಗರಿಯ ರಫ್ತಿಗೆ 1902ರಲ್ಲಿ ನಿಷೇಧ ಬಂತು. ಟೋಪಿಯ ಷೋಕಿಗೆ ಬಲಿಯಾಗಬಹುದಾಗಿದ್ದ ಆ ಗರಿ ಮಂಡಗದ್ದೆಯ ಗಾಳಿಯಲ್ಲಿ ನಡುಗುವುದನ್ನು ಕಂಡಾಗ ಮನಸ್ಸು ತುಂಬಿ ಬರುತ್ತದೆ.

ತೀರ್ಥಹಳ್ಳಿಯಿಂದ ಸುಮಾರು 10 ಕಿ.ಮೀ. ದೂರದ ಚಿಬ್ಬಲಗುಡ್ಡೆಯಲ್ಲಿ ಇದೇ ತುಂಗೆಯ ಇನ್ನೊಂದು ಸೋಜಿಗವಿದೆ. ಸಿದ್ಧಿವಿನಾಯಕನ ಗುಡಿಯ ಬಳಿ ನೀರಿಗೆ ಒಂದು ಹಿಡಿ ಮಂಡಕ್ಕಿ ಎಸೆದರೆ ಸಾಕು, ಹೊಳೆ ಕುದಿಯತೊಡಗುತ್ತದೆ. ದೊಡ್ಡ ಹುರುಪೆಯ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತವೆ. ಜನ ಇವನ್ನು ‘ದೇವರ ಮೀನು’ ಅನ್ನುತ್ತಾರೆ. ಇಲ್ಲಿ ಗಾಳ, ಬಲೆ ಹಾಕುವಂತಿಲ್ಲ.

ಆದರೆ ಮನುಷ್ಯರನ್ನು ನಂಬಿ ದಡಕ್ಕೆ ಬರುವ ಮೀನನ್ನು ಕೊಲ್ಲುವುದೂ ಅಷ್ಟೇ ಸುಲಭ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ 1996ರಲ್ಲಿ ಕಪಿಲಾ ಹೊಳೆಗೆ ಯಾರೋ ವಿಷ ಹಾಕಿ ಸಾವಿರಾರು ದೇವರ ಮೀನುಗಳನ್ನು ಕೊಂದರು. ಸತ್ತ ಮೀನುಗಳಿಗಾಗಿ ಅಲ್ಲೊಂದು ಸ್ಮಾರಕವೇ ಇದೆ. ಚಿಬ್ಬಲಗುಡ್ಡೆಗೆ ಹೋದವರು ಮಂಡಕ್ಕಿಯ ಪ್ಲಾಸ್ಟಿಕ್ ಕವರನ್ನಾದರೂ ಜೇಬಿಗೆ ಹಾಕಿಕೊಂಡು ಬರಬೇಕು.

ಮಂಡಗದ್ದೆ, ಚಿಬ್ಬಲಗುಡ್ಡೆ ಎರಡನ್ನೂ ಒಂದೇ ದಿನ ನೋಡುವ ಆಸೆಯಿದ್ದರೆ ಜುಲೈಯ ಕೆನ್ನೀರು ಬೇಡ. ಹೊಳೆ ಇಳಿದು ತಿಳಿಯಾಗುವ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲು ಒಳ್ಳೆಯದು. ಬೆಳಗ್ಗೆ ಮೀನು ನೋಡಿ, ಸಂಜೆ ಐದರ ಹೊತ್ತಿಗೆ ಮಂಡಗದ್ದೆಗೆ ವಾಪಸು ಬಂದರೆ ಗದ್ದೆಗಳ ಕಡೆಯಿಂದ ಬೆಳ್ಳಕ್ಕಿಗಳು ಗುಂಪುಗುಂಪಾಗಿ ಮರಳುತ್ತಿರುತ್ತವೆ. ಆಗ ನಡುಗಡ್ಡೆಯಿಂದ ಮರಿಗಳ ಕಚಪಿಚ ಏಳುತ್ತದೆ. ರಸ್ತೆಯ ಮೇಲೆ ಬಸ್ಸು ಹಾದುಹೋದಾಗ ಒಂದು ಕ್ಷಣ ಅದು ಕೇಳಿಸುವುದಿಲ್ಲ, ಮತ್ತೆ ಕೇಳಿಸುತ್ತದೆ.