ರೋಗದ ನಕ್ಷೆ, ಆಸ್ಪತ್ರೆಯ ನಕ್ಷೆ: ಮಲೆನಾಡಿನ ಕೆಲವು ತಪ್ಪು ಕಲ್ಪನೆಗಳು

ವೈದ್ಯಕೀಯ ಭೂಗೋಳ ಎರಡು ಪ್ರಶ್ನೆಗಳನ್ನು ಜೊತೆಯಾಗಿ ಕೇಳುತ್ತದೆ. ಯಾವ ರೋಗ ಎಲ್ಲಿ, ಏಕೆ ಕಾಣಿಸಿಕೊಳ್ಳುತ್ತದೆ? ಅದಕ್ಕೆ ಬೇಕಾದ ಚಿಕಿತ್ಸೆ ಯಾರಿಗೆ, ಎಷ್ಟು ಬೇಗ ಸಿಗುತ್ತದೆ? ಎರಡರ ಬಗ್ಗೆಯೂ ಜನರಲ್ಲಿ ಬೇರೂರಿದ ನಂಬಿಕೆಗಳಿವೆ. ಶಿವಮೊಗ್ಗ ಜಿಲ್ಲೆಯ ಮಂಗನ ಕಾಯಿಲೆ, ಅಂದರೆ ಕ್ಯಾಸನೂರು ಕಾಡಿನ ಕಾಯಿಲೆ, ಈ ನಂಬಿಕೆಗಳನ್ನು ಪರೀಕ್ಷಿಸಲು ಒಳ್ಳೆಯ ಉದಾಹರಣೆ.

‘ಮಂಗನ ಕಾಯಿಲೆ ಮಂಗದಿಂದ ಬರುತ್ತದೆ’

ಮಂಗದಿಂದಲ್ಲ, ಉಣುಗಿನಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳು ಸತ್ತುಬಿದ್ದವು, ಜನರೂ ಜ್ವರದಿಂದ ಮಲಗಿದರು. ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂಬ ಆತಂಕ ಹುಟ್ಟಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ಹುಡುಕಿದಾಗ ಸಿಕ್ಕಿದ್ದು ಹೊಸದೊಂದು ವೈರಸ್. ಅದನ್ನು ಮುಖ್ಯವಾಗಿ ಸಾಗಿಸುವುದು ಹೀಮಾಫೈಸಾಲಿಸ್ ಸ್ಪೈನಿಜೆರಾ ಎಂಬ ಉಣುಗು. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಕಣ್ಣಿಗೆ ಬೀಳುವುದೇ ಕಷ್ಟ ಎನ್ನುವಷ್ಟು ಸಣ್ಣದಾದ ಅದರ ಮರಿ. ಮಂಗವೂ ಮನುಷ್ಯನಂತೆ ಈ ವೈರಸ್ಸಿಗೆ ಬಲಿಯಾಗುವ ಜೀವಿಯೇ.

ಹಾಗೆಂದು ಮಂಗ ಸಾಯುವುದು ನಿರ್ಲಕ್ಷಿಸುವ ಸಂಗತಿಯಲ್ಲ. ಸತ್ತ ಮಂಗದ ಮೈಮೇಲಿನ ಉಣುಗುಗಳು ಕೆಳಗಿಳಿದು ಸುತ್ತಲಿನ ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ. ಕಳೇಬರ ಬಿದ್ದ ಜಾಗದ ಸುತ್ತ ಮೆಲಾಥಿಯಾನ್ ಕೀಟನಾಶಕ ಸಿಂಪಡಿಸುವುದು ಇದೇ ಕಾರಣಕ್ಕೆ. ಮನುಷ್ಯನಿಂದ ಮನುಷ್ಯನಿಗೆ ಈ ರೋಗ ಹರಡುವುದಿಲ್ಲ. ರೋಗಿಯ ಮನೆಯವರನ್ನು ದೂರವಿಡುವುದಕ್ಕೆ ಯಾವ ಆಧಾರವೂ ಇಲ್ಲ.

‘ಕಾಡು ಕಡಿದರೆ ರೋಗವೂ ಹೋಗುತ್ತದೆ’

ಕೊಲಂಬಿಯಾದ ವಿಜ್ಞಾನಿ ಹೋರ್ಹೆ ಬೋಶೆಲ್ 1960ರ ದಶಕದಲ್ಲಿ ಈ ಪ್ರದೇಶವನ್ನು ಅಧ್ಯಯನ ಮಾಡಿ ಬೇರೆಯದೇ ಚಿತ್ರ ಕೊಟ್ಟರು. ಕಾಡು ಕಡಿದು ಗದ್ದೆ ಮಾಡಿದಲ್ಲಿ, ಕಾಡಂಚಿನಲ್ಲಿ ದನ ಮೇಯುವಲ್ಲಿ ಉಣುಗು ಸಮೃದ್ಧವಾಗಿ ಬೆಳೆಯುತ್ತದೆ. ಬಲಿತ ಉಣುಗಿಗೆ ದನವೇ ಆಹಾರ. ಕೊಟ್ಟಿಗೆಗೆ ಹಾಸಲು ತರಗೆಲೆ ತರುವ, ಸೌದೆಗೆ ಹೋಗುವ ಕಾಲ ಚಳಿಗಾಲದಿಂದ ಬೇಸಿಗೆಯವರೆಗೆ. ಉಣುಗಿನ ಮರಿಗಳು ಹೇರಳವಾಗಿರುವುದೂ ಆಗಲೇ. ರೋಗವನ್ನು ನಿರ್ಧರಿಸುವುದು ಭೂಮಿಯ ಬಳಕೆ ಮತ್ತು ದುಡಿಮೆಯ ರೀತಿ; ಬರೀ ಹವೆಯನ್ನು ದೂರಿ ಪ್ರಯೋಜನವಿಲ್ಲ. ಶಿವಮೊಗ್ಗ ಮತ್ತು ನೆರೆಯ ಜಿಲ್ಲೆಗಳ ರೋಗವೆಂದೇ ಗುರುತಾಗಿದ್ದ ಇದು 2012ರಿಂದೀಚೆಗೆ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗಗಳಲ್ಲೂ ಪತ್ತೆಯಾಗಿದೆ.

‘ಆಸ್ಪತ್ರೆ ಹತ್ತಿರದಲ್ಲೇ ಇದೆ’

ನಕ್ಷೆಯ ಮೇಲೆ ಇದು ನಿಜವಿರಬಹುದು. ಆದರೆ ರೋಗಿಗೆ ದೂರವೆಂದರೆ ಕಿಲೋಮೀಟರಲ್ಲ. ಹಿಡಿಯುವ ಸಮಯ, ಬಸ್ಸಿನ ವೇಳೆ, ಬಾಡಿಗೆ ವಾಹನದ ದರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿ ಹಿನ್ನೀರು ಸಾಗರ ತಾಲ್ಲೂಕನ್ನು ಎರಡಾಗಿ ಸೀಳಿತು. ತುಮರಿ ಕಡೆಯ ಜನರಿಗೆ ಸಾಗರ ಪಟ್ಟಣಕ್ಕೆ ಹತ್ತಿರದ ದಾರಿ ಲಾಂಚ್ ಒಂದೇ ಆಗಿತ್ತು. ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಎದುರಿನ ದಡ ಕಣ್ಣಿಗೆ ಕಾಣುತ್ತಿದ್ದರೂ ಕಾಡಿನ ರಸ್ತೆಯಲ್ಲಿ ಸುತ್ತುಬಳಸಿ ಹೋಗಬೇಕಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ವಾಹನ ಹತ್ತಿಸುವುದೂ ನಿಲ್ಲುತ್ತಿತ್ತು. ಅಣೆಕಟ್ಟಿನ ವಿದ್ಯುತ್ತಿಗಾಗಿ ನೆಲ ಬಿಟ್ಟು ನಾಡಿಗೆ ಬೆಳಕು ಕೊಟ್ಟವರು ಸೇತುವೆಗಾಗಿ 60 ವರ್ಷ ಕಾದರು, 2.44 ಕಿ.ಮೀ. ಉದ್ದದ ಆ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ಆಸ್ಪತ್ರೆ ಇದ್ದಲ್ಲೇ ಇತ್ತು, ದೂರ ಮಾತ್ರ ಕಡಿಮೆಯಾಯಿತು.

ಮಂಗನ ಕಾಯಿಲೆಯಲ್ಲಿ ಈ ದೂರ ಇನ್ನಷ್ಟು ದುಬಾರಿ. ಇದಕ್ಕೆ ನಿರ್ದಿಷ್ಟ ಔಷಧವಿಲ್ಲ. ಬೇಗ ದಾಖಲಾಗಿ ಆರೈಕೆ ಪಡೆಯುವುದೇ ದಾರಿ. ಸೋಂಕಿತರಲ್ಲಿ ಶೇ 3ರಿಂದ 5ರಷ್ಟು ಮಂದಿ ಸಾಯುತ್ತಾರೆ. ಕೆಲವರಿಗೆ ಮೊದಲ ಜ್ವರ ಇಳಿದು ಒಂದೆರಡು ವಾರದ ನಂತರ ಮತ್ತೆ ಜ್ವರ, ತಲೆನೋವು, ಕೈನಡುಕ ಬರುತ್ತದೆ. ವಾಸಿಯಾಯಿತೆಂದು ಮನೆಗೆ ಹೋದವರು ಅದೇ ದಾರಿಯನ್ನು ಎರಡನೇ ಸಲ ಹತ್ತಬೇಕು. 2018–19ರ ಚಳಿಗಾಲದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಹಲವರು ಸತ್ತಾಗ, ತೀವ್ರವಾಗಿ ಬಳಲಿದವರನ್ನು ಘಟ್ಟ ಇಳಿಸಿ ಮಣಿಪಾಲದ ಆಸ್ಪತ್ರೆಗೆ ಸಾಗಿಸಬೇಕಾಯಿತು.

‘ಎಲ್ಲರಿಗೂ ಒಂದೇ ಲೆಕ್ಕ ಹಾಕಿದರೆ ಅದೇ ಸಮಾನತೆ’

ಸರ್ಕಾರದ ಮಾನದಂಡವೇ ಇದನ್ನು ಒಪ್ಪುವುದಿಲ್ಲ. ಬಯಲುಸೀಮೆಯಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಾದರೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 20,000 ಜನರಿಗೆ ಒಂದು. ಉಪಕೇಂದ್ರಕ್ಕೆ ಈ ಸಂಖ್ಯೆ 5,000 ಮತ್ತು 3,000. ಆದರೂ ಮಲೆನಾಡಿನಲ್ಲಿ ಇಷ್ಟು ಸಾಲದು. ಅಲ್ಲಿ ಮನೆಗಳು ಒಂದೊಂದೂ ತೋಟದ ನಡುವೆ, ಗುಡ್ಡದ ಓರೆಯಲ್ಲಿ ಚದುರಿವೆ. ತಲೆ ಎಣಿಸಿದ ಲೆಕ್ಕ ಹೆಜ್ಜೆ ಎಣಿಸುವುದಿಲ್ಲ.

ಕಟ್ಟಡ ಇದ್ದ ಮಾತ್ರಕ್ಕೆ ಸೇವೆ ಇದೆ ಎನ್ನುವಂತೆಯೂ ಇಲ್ಲ. ವೇಲ್ಸ್‌ನ ಗಣಿಗಾರರ ಹಳ್ಳಿಯಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಬರೆದ ಲೇಖನವೊಂದರಲ್ಲಿ, ಒಳ್ಳೆಯ ವೈದ್ಯಕೀಯ ಸೇವೆ ಅದರ ಅಗತ್ಯ ಹೆಚ್ಚಿರುವಲ್ಲೇ ಕಡಿಮೆ ಸಿಗುತ್ತದೆ, ಮಾರುಕಟ್ಟೆಗೆ ಬಿಟ್ಟಷ್ಟೂ ಈ ಅಂತರ ಹಿಗ್ಗುತ್ತದೆ ಎಂದು ತೋರಿಸಿದರು. ಕರ್ನಾಟಕದಲ್ಲೂ ತಜ್ಞರು ದೊಡ್ಡ ನಗರಗಳಲ್ಲೇ ನೆಲೆಸುತ್ತಾರೆ. ಉತ್ತರ ಕನ್ನಡದ ಜನ ಸುಸಜ್ಜಿತ ಆಸ್ಪತ್ರೆಗಾಗಿ ಚಳವಳಿಯನ್ನೇ ಮಾಡಬೇಕಾಯಿತು.

‘ಕಾರ್ಡ್ ಇದ್ದರೆ ಚಿಕಿತ್ಸೆ ಉಚಿತ, ಫೋನ್ ಇದ್ದರೆ ವೈದ್ಯರು ಮನೆಯಲ್ಲೇ’

2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಕೊಡುತ್ತದೆ. ಇದು ದೊಡ್ಡ ಆಸರೆಯೇ, ಸಂಶಯವಿಲ್ಲ. ಆದರೆ ಜೊತೆಗೆ ಹೋದವರ ಕೂಲಿ, ಊಟ, ಉಳಿಯುವ ಖರ್ಚು ಮನೆಯವರ ಮೇಲೆಯೇ ಬೀಳುತ್ತದೆ. ಇ–ಸಂಜೀವಿನಿಯಂಥ ದೂರವೈದ್ಯ ಸೇವೆಗೂ ಮಿತಿಯಿದೆ. ವೈದ್ಯರು ಫೋನಿನಲ್ಲಿ ಸಲಹೆ ಕೊಡಬಹುದು. ಆದರೆ ಮಂಗನ ಕಾಯಿಲೆಯನ್ನು ಖಚಿತಪಡಿಸಲು ರಕ್ತದ ಮಾದರಿ ತೆಗೆದು, ತಣ್ಣಗಿಟ್ಟು, ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಅದಕ್ಕೆ ಸೂಜಿ ಹಿಡಿಯುವ ಕೈ, ಐಸ್ ಪೆಟ್ಟಿಗೆ, ವಾಹನ, ವಾಹನ ಓಡುವ ರಸ್ತೆ ನಾಲ್ಕೂ ಊರಿನ ಹತ್ತಿರವೇ ಇರಬೇಕು.