ತಿಗರಿಯ ಮೇಲಿನ ಬಿಲ್ಲೆ

ತಿಗರಿಯ ಮೇಲೆ ಅಗಲವಾದ ತಟ್ಟೆಯನ್ನು ತಿದ್ದಿ ಮುಗಿಸಿದವರಿಗೆ ನಿಜವಾದ ಆತಂಕ ಮೊದಲಾಗುವುದು ಅದನ್ನು ಇಳಿಸುವಾಗ. ಹಸಿಮಣ್ಣಿಗೆ ನೆನಪು ಬಹಳ. ಎತ್ತುವಾಗ ಬಾಗಿದ್ದನ್ನು ಕೈಯಿಂದ ಸರಿಪಡಿಸಿದರೂ ಒಣಗುವಾಗಲೋ ಬೇಯುವಾಗಲೋ ಮತ್ತೆ ಸೊಟ್ಟಗಾಗುತ್ತದೆ. ಆದುದರಿಂದಲೇ ತಿಗರಿಗೆ ಒಂದು ಬಿಲ್ಲೆಯನ್ನು ಕೂರಿಸಿ, ಅದರ ಮೇಲೆ ತಟ್ಟೆಯನ್ನು ಮಾಡಿ, ಬಿಲ್ಲೆಯ ಸಮೇತ ಎತ್ತಿಡುವುದು.

ಇದಕ್ಕೆ ಹೊಸ ಹಲಗೆ ಬೇಕಿಲ್ಲ. ಕಳಚಿ ಮೂಲೆಗಿಟ್ಟ ಕಪಾಟಿನ ಪ್ಲೈವುಡ್ ಬಾಗಿಲನ್ನು ಗುಂಡಗೆ ಕೊಯ್ದರಾಯಿತು. ಸನ್‌ಮೈಕಾ ಎರಡೂ ಬದಿಗಿದ್ದರೆ ಲೇಸು. ಒಂದೇ ಬದಿಗಿದ್ದದ್ದು ನೀರು ಕುಡಿದು ಬಾಗುತ್ತದೆ. ಕೊಯ್ದ ಅಂಚಿಗೆ ವಾರ್ನಿಷ್ ಬಳಿಯಲೇಬೇಕು. ಮರದ ಹೊಟ್ಟನ್ನು ಒತ್ತಿ ಮಾಡಿದ ಹಲಗೆಯನ್ನು ಮಾತ್ರ ನಾನು ಒಪ್ಪಲಾರೆ. ಅದು ನೆನೆದು ಉಬ್ಬುತ್ತದೆ. ಕೂರಿಸಲು ತಿಗರಿಯ ಮೇಲೆ ತೆಳ್ಳನೆಯ ಮಣ್ಣಿನ ಹಾಸು ಸಾಕು. ತಟ್ಟೆ ಮುಗಿದೊಡನೆ ಅಡಿಯಲ್ಲಿ ತಂತಿ ಎಳೆದು, ತುಸು ಗಟ್ಟಿಯಾಗುವವರೆಗೆ ಬಿಲ್ಲೆಯ ಮೇಲೆಯೇ ಬಿಡಬೇಕು.